ಕಿಟ್ಟಿ ಮಲಗಿದ್ದಾನೆ

ಆಯುಧಪೂಜೆಯ ಹಿಂದಿನ ದಿನ ದೇವರ ಸಾಮಾನಿನ ತಗಡಿನ ಡಬ್ಬಿ ತೆಗೆದರೆ ಮೊದಲು ಬರುವುದು ಕರ್ಪೂರದ ವಾಸನೆ. ಅದರ ಹಿಂದೆಯೇ ಅರಿಶಿನ, ಹತ್ತಿ, ಒಣಗಿದ ಗಂಧ. ಇವೆಲ್ಲ ಮುಗಿದ ಮೇಲೆ, ಮೂಗನ್ನು ಇನ್ನಷ್ಟು ಹತ್ತಿರ ಒಯ್ದರೆ, ತಳದಿಂದ ಇನ್ನೊಂದು ವಾಸನೆ ಏಳುತ್ತದೆ. ಅದು ಎಷ್ಟೋ ಸಲ ಕಾದು ಎಷ್ಟೋ ಸಲ ಆರಿದ ಹಳೆಯ ಪ್ಲಾಸ್ಟಿಕ್ಕಿನದು. ದೇವರ ಡಬ್ಬಿಯಲ್ಲಿ ಅದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಅಜ್ಜಿಯ ಕೆಂಪು ರವಿಕೆಯ ತುಂಡಿನಲ್ಲಿ ಸುತ್ತಿಟ್ಟ, ಅಂಗೈಯಷ್ಟು ಅಗಲದ ಬೂದುಬಣ್ಣದ ಒಂದು ಕಾರ್ಟ್ರಿಜ್ ಅಲ್ಲಿದೆ. ಟೀವಿಗೆ ಸಿಕ್ಕಿಸಿದ ಪೆಟ್ಟಿಗೆಯೊಳಗೆ ಇದನ್ನು ತೂರಿಸಿದರೆ ವಿಡಿಯೋ ಗೇಮ್ ಶುರುವಾಗುತ್ತಿದ್ದ ಕಾಲದ್ದು. ಮೇಲಿನ ಚಿತ್ರ ಸವೆದು ಕಂದೀಲು ಹಿಡಿದ ಹುಡುಗನ ಕಾಲು ಮಾತ್ರ ಉಳಿದಿದೆ. ಒಂದು ಮೂಲೆಗೆ ಹತ್ತಿದ ಅರಿಶಿನ ಮೂವತ್ತು ವರ್ಷವಾದರೂ ಹೋಗಿಲ್ಲ. ಅದನ್ನು ಉಜ್ಜಿ ತೆಗೆಯಲು ನಾನೂ ಹೋಗಿಲ್ಲ.

ನನಗೆ ಏಳು, ಅಣ್ಣನಿಗೆ ಹತ್ತು ವರ್ಷವಾಗಿದ್ದಾಗ ನಾವು ನಂಜನಗೂಡಿನಿಂದ ಕಡಲಾಚೆಯ ಮಾರಿಸ್‌ಟೌನಿಗೆ ಬಂದೆವು. ಎರಡು ಕೋಣೆಯ ಅಪಾರ್ಟ್‌ಮೆಂಟು, ಮಹಡಿಯ ಮೇಲೆ. ಕೆಳಗೆ ಇಡೀ ಕಟ್ಟಡದವರು ಬಟ್ಟೆ ಒಗೆಯುವ ಲಾಂಡ್ರಿ. ಹಗಲೆಲ್ಲ ನೆಲದ ಮೂಲಕ ಡ್ರೈಯರ್‌ಗಳ ಗುಡುಗುಡು ಕೇಳಿಸುತ್ತಿತ್ತು, ಕಿಟಕಿ ತೆರೆದರೆ ಸೋಪಿನ ಬೆಚ್ಚನೆಯ ಹಬೆ ಒಳಗೆ ಬರುತ್ತಿತ್ತು. ಕೆಳಗಿನ ಆ ಕಾವಿಗೆ ಚಳಿಗಾಲದಲ್ಲಿ ನಮ್ಮ ಅಡುಗೆಮನೆಯ ನೆಲ ಬೆಚ್ಚಗಿರುತ್ತಿತ್ತು. ಅದನ್ನು ಕಂಡುಹಿಡಿದವರು ಅಪ್ಪನ ತಾಯಿ, ನಮ್ಮ ಅಜ್ಜಿ. ನಾವು ಬಂದ ಮರುವರ್ಷ ಈ ತಗಡಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ವಿಮಾನದಲ್ಲಿ ಬಂದವರು. ಬಂದ ಮೂರನೆಯ ದಿನ ಅಡುಗೆಮನೆಯ ನೆಲದ ಮೇಲೆ ಅಂಗೈ ಊರಿ, ‘ನಂಜುಂಡ, ಇಲ್ಲೂ ನನಗೊಂದು ಬೆಚ್ಚನೆ ಜಾಗ ಇಟ್ಟಿದೀಯಲ್ಲಪ್ಪ’ ಎಂದರು. ಅಲ್ಲಿಯೇ ಚಾಪೆ ಹಾಸಿ ಕೂರುತ್ತಿದ್ದರು. ನಾನು ಇಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತೇನೆಂದರೆ ಅದು ಆ ಚಾಪೆಯ ಮೇಲೆ, ಅವರಿಗೆ ದಿನಕ್ಕೆ ಎರಡು ಪುಟ ಗಟ್ಟಿಯಾಗಿ ಓದಿ ಹೇಳಿದ ಪುಣ್ಯ. ದೇವರು ಕೊಟ್ಟದ್ದನ್ನು ಎಣಿಸಿ ನೆನೆಯುವ ಅಭ್ಯಾಸವೂ ನನಗೆ ಅವರಿಂದಲೇ ಬಂದದ್ದು.

ಆಟವನ್ನು ಅಪ್ಪ ಯಾರೋ ಮನೆಯ ಹಳೆಯ ಸಾಮಾನು ಮಾರುತ್ತಿದ್ದ ಗರಾಜ್ ಸೇಲ್‌ನಲ್ಲಿ ಕೊಂಡು ತಂದರು. ಅದರ ಹೆಸರು ‘ಲ್ಯಾಂಟರ್ನ್ ರೋಡ್’. ಒಬ್ಬ ಪುಟ್ಟ ಹುಡುಗ, ಕೈಯಲ್ಲಿ ಒಂದು ಕಂದೀಲು. ಕತ್ತಲೆ ಕವಿದ ಊರೂರಿಗೆ ನಡೆದು ಹೋಗಿ ಅಲ್ಲಿಯ ದೀಪ ಹಚ್ಚಿ ಬರಬೇಕು. ದಾರಿಯಲ್ಲಿ ಕಾಡು, ಹೊಳೆ, ಗಾಳಿ. ಗಾಳಿಗೆ ಕಂದೀಲು ಆರದಂತೆ ಅಂಗೈ ಮರೆ ಹಿಡಿಯಬೇಕು. ಯಾವ ದಾರಿ ಎಂದು ಯಾರೂ ಹೇಳುವುದಿಲ್ಲ, ತಪ್ಪಿದರೆ ತಪ್ಪಿದ ಹಾಗೇ. ಅಣ್ಣ ಆಡುತ್ತಿದ್ದ, ನಾನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ದಾರಿಯ ನಕ್ಷೆ ಬರೆಯುತ್ತಿದ್ದೆ. ಅಜ್ಜಿ ಹಿಂದೆ ಕೂತು ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದರು. ಹುಡುಗನಿಗೆ ಕಿಟ್ಟಿ ಎಂದು ಹೆಸರಿಟ್ಟವರೂ ಅವರೇ. ‘ನಾನು ಬತ್ತಿ ಹೊಸೀತೀನಿ, ಅವನು ದೀಪ ಹಚ್ತಾನೆ. ಇಬ್ಬರ ಕಸುಬೂ ಒಂದೇ ಕಣ್ರೋ’ ಎನ್ನುತ್ತಿದ್ದರು. ಆ ಆಟದಲ್ಲಿ ಒಂದು ವಿಶೇಷವಿತ್ತು. ನಾವು ಯಾವ ಗುಂಡಿಯನ್ನೂ ಒತ್ತದೆ ಸ್ವಲ್ಪ ಹೊತ್ತು ಬಿಟ್ಟರೆ ಕಿಟ್ಟಿ ಅತ್ತಿತ್ತ ನೋಡಿ, ಕಂದೀಲನ್ನು ಪಕ್ಕಕ್ಕಿಟ್ಟು ಕೂತುಕೊಳ್ಳುತ್ತಿದ್ದ. ಇನ್ನೂ ಬಿಟ್ಟರೆ ಆಕಳಿಸಿ, ಕಾಲು ಮಡಚಿ, ಅಲ್ಲೇ ಮಲಗಿಬಿಡುತ್ತಿದ್ದ. ಪಕ್ಕದಲ್ಲಿ ಕಂದೀಲು ಉರಿಯುತ್ತಲೇ ಇರುತ್ತಿತ್ತು.

ಒಂದು ಜನವರಿ ಹಿಮ ಜೋರಾಗಿ ಬಿದ್ದು ನಮ್ಮ ಶಾಲೆಯನ್ನು ಮಧ್ಯಾಹ್ನಕ್ಕೇ ಬಿಟ್ಟರು. ಬೀಗ ತೆಗೆದು ಒಳಗೆ ಹೋದರೆ ಟೀವಿ ಓಡುತ್ತಿದೆ, ತೆರೆಯ ಮೇಲೆ ಹೊಳೆಯ ದಂಡೆಯಲ್ಲಿ ಕಿಟ್ಟಿ ಮಲಗಿದ್ದಾನೆ. ಅವನೆದುರು ಅಜ್ಜಿ ಚಾಪೆ ಹಾಸಿ ಬತ್ತಿ ಹೊಸೆಯುತ್ತ ಕೂತಿದ್ದಾರೆ. ನಮ್ಮನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟರು. ‘ಶ್! ಈಗ ತಾನೇ ಮಲಗಿದಾನೆ. ಬೂಟು ದಬದಬ ಮಾಡ್ಬೇಡಿ.’ ಅಣ್ಣ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ, ನಾವಿಬ್ಬರೂ ಶಾಲೆಗೆ ಹೋದ ಮೇಲೆ, ಭಾಷೆ ಬಾರದ ಊರಿನ ಆ ಉದ್ದನೆಯ ಹಗಲುಗಳನ್ನು ಅವರು ಯಾರ ಜೊತೆ ಕಳೆಯುತ್ತಿದ್ದರು ಎಂಬುದು ಆಗ ನಮಗೆ ಹೊಳೆಯಲೇ ಇಲ್ಲ. ಆಮೇಲೆ ತಿಳಿಯಿತು, ದಿನವೂ ನಾವು ಹೊರಟ ಕೂಡಲೇ ಆಟ ಹಾಕುತ್ತಿದ್ದರಂತೆ. ಒಂದು ಗುಂಡಿಯನ್ನೂ ಮುಟ್ಟುತ್ತಿರಲಿಲ್ಲ. ಮನೆಯಲ್ಲೊಂದು ಮಗು ಮಲಗಿದೆ, ತಾನು ಕಾವಲಿಗಿದ್ದೇನೆ ಎಂದರೆ ಅವರಿಗೆ ಅಷ್ಟೇ ಸಾಕಾಗಿತ್ತು.

ಆ ವರ್ಷದ ಆಯುಧಪೂಜೆಗೆ ಅಜ್ಜಿ ಅಪ್ಪನ ಕಾರಿನ ಕೀಲಿ, ಅಮ್ಮನ ಮಿಕ್ಸಿ, ಕತ್ತರಿ, ತುರಿಮಣೆಗಳ ಸಾಲಿನಲ್ಲಿ ಆಟದ ಪೆಟ್ಟಿಗೆಯನ್ನೂ ಕೂರಿಸಿದರು. ‘ಕಿಟ್ಟಿಗೂ ಒಂದು ಆಯುಧ ಇದೆಯಲ್ಲ, ಕಂದೀಲು’ ಎಂಬುದು ಅವರ ನ್ಯಾಯ. ಕಾರ್ಟ್ರಿಜ್ ಹೊರಗೆ ತೆಗೆದು ಅರಿಶಿನ ಕುಂಕುಮ ಹಚ್ಚಿದರು. ಪೆಟ್ಟಿಗೆಯ ಮೇಲೆ ಧಾರಾಳವಾಗಿ ಅಕ್ಷತೆ ಹಾಕಿದರು. ಕಾರ್ಟ್ರಿಜ್ ತೂರಿಸುವ ಬಾಯಿ ಆಗ ತೆರೆದೇ ಇತ್ತು. ಮರುದಿನ ವಿಜಯದಶಮಿ, ಅಣ್ಣ ಸ್ನಾನ ಮಾಡಿ ಬಂದು ಆಟ ಹಾಕಿದರೆ ತೆರೆಯ ತುಂಬ ಗೀಟು, ಚುಕ್ಕೆ. ಅಮ್ಮ ಓಡಿಬಂದರು. ‘ಅಯ್ಯೋ ಅತ್ತೆ, ಒಳಗೇ ಹಾಕಿಬಿಟ್ರಾ?’ ಅಜ್ಜಿ ತಲೆಯಿಂದ ಹೇರ್‌ಪಿನ್ ತೆಗೆದು, ತಂತಿ ಕಿತ್ತಿಟ್ಟ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಲ್ಲಿನ ಸಂದಿಯಿಂದ ತೆಗೆಯುವಷ್ಟು ನಾಜೂಕಾಗಿ ಮೂರು ಅಕ್ಕಿಕಾಳು ಹೊರಗೆಳೆದರು. ಮತ್ತೆ ಹಾಕಿದಾಗ ಆಟವೇನೋ ಬಂತು, ಆದರೆ ನಾವು ಅಷ್ಟು ದಿನ ಆಡಿ ಉಳಿಸಿಟ್ಟದ್ದೆಲ್ಲ ಅಳಿಸಿಹೋಗಿತ್ತು. ‘ಇಪ್ಪತ್ತೆಂಟು ಊರು, ಅಜ್ಜಿ! ಎಲ್ಲಾ ಹೋಯ್ತು!’ ಎಂದು ಅಣ್ಣ ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತ. ಅಜ್ಜಿ ಅವನ ಬೆನ್ನು ಸವರುತ್ತ, ‘ಊರು ಎಲ್ಲಿಗೆ ಹೋಗತ್ತೋ? ಅಲ್ಲೇ ಇರತ್ತೆ. ದೀಪ ಆರಿದೆ, ಅಷ್ಟೆ ತಾನೆ? ಏಳು, ಮತ್ತೆ ಹಚ್ಚು. ಈಗ ದಾರಿ ಬೇರೆ ಗೊತ್ತಿದೆ ನಿನಗೆ’ ಎಂದರು. ಅವನು ಮೂಗು ಒರೆಸಿಕೊಂಡು ಎದ್ದ. ನಾನು ಕ್ಯಾಲೆಂಡರಿನ ನಕ್ಷೆ ತಂದೆ. ಅಂದು ಸಂಜೆಯೊಳಗೆ ಐದು ಊರು ಹಚ್ಚಿದೆವು.

ಅಂದಿನಿಂದ ಅದೇ ನಮ್ಮ ಮನೆಯ ಪದ್ಧತಿಯಾಯಿತು. ಆಯುಧಪೂಜೆಯ ದಿನ ಆಟಕ್ಕೆ ಕುಂಕುಮ ಹಚ್ಚಿ ಸುಮ್ಮನೆ ಬಿಡುವುದು, ವಿಜಯದಶಮಿಯ ದಿನ ಮೊದಲಿನಿಂದ ಶುರುಮಾಡುವುದು. ಆಟದ ಎರಡನೆಯ ಭಾಗ ಬಂತು, ಮೂರನೆಯದು ಬಂತು. ಯಾವ ತಿಂಗಳಲ್ಲಿ ಅಂಗಡಿಗೆ ಬಂದರೂ ನಾವು ವಿಜಯದಶಮಿಯವರೆಗೆ ಕಾಯುತ್ತಿದ್ದೆವು. ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ಅದೇ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಯಾರಿಗೂ ತೊಂದರೆ ಕೊಡದೆ, ನಿದ್ದೆಯಲ್ಲೇ ಹೋದರು. ಈಗ ಆ ಕಟ್ಟಡವೂ ಇಲ್ಲ. ಅಲ್ಲಿ ಗಾಜಿನ ಆಫೀಸೊಂದು ನಿಂತಿದೆ. ಅಪ್ಪ ಅಮ್ಮ ಬಿಸಿಲು ಹುಡುಕಿಕೊಂಡು ಫ್ಲಾರಿಡಾ ಸೇರಿ, ಅಲ್ಲಿ ದಿನಕ್ಕೆರಡು ಸಲ ಈಜುತ್ತಾರೆ, ನಂಜುಂಡನ ದಯೆ. ಅವರು ಮನೆ ಖಾಲಿಮಾಡಿದ ದಿನ ದೇವರ ಡಬ್ಬಿ ನನಗೆ ಬಂತು, ಡಬ್ಬಿಯ ಜೊತೆ ಕಾರ್ಟ್ರಿಜ್ಜೂ ಬಂತು. ಅದನ್ನು ಹಾಕುವ ಪೆಟ್ಟಿಗೆಯನ್ನು ಅಣ್ಣ ಒಯ್ದ. ಹೀಗೆ ಒಂದು ಆಟ ಎರಡು ಊರಿಗೆ ಹಂಚಿಹೋಯಿತು. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ ಎಂದು ಅಂದು ನಮಗಿಬ್ಬರಿಗೂ ತೋಚಲಿಲ್ಲ. ಹೊಸ ಭಾಗಗಳು ಬರುತ್ತಲೇ ಇದ್ದುದರಿಂದ ಹಳೆಯದು ಬೇಕಾಗಿಯೂ ಇರಲಿಲ್ಲ.

ಮೂರನೆಯ ಭಾಗದವರೆಗೆ ನಮ್ಮದೇನೂ ದೂರಿಲ್ಲ. ನಾಲ್ಕನೆಯದರಲ್ಲಿ ಕಿಟ್ಟಿಯ ತಲೆಯ ಮೇಲೆ ಒಂದು ಹಳದಿ ಬಾಣ ಬಂತು. ಎಲ್ಲಿಗೆ ಹೋಗಬೇಕೆಂದು ಅದೇ ತೋರಿಸುತ್ತದೆ. ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆಯುವವಳಿಗೆ ಅಲ್ಲಿಗೆ ಕೆಲಸ ತಪ್ಪಿತು. ಐದನೆಯದರಲ್ಲಿ ಕಂದೀಲು ಗಾಳಿಗೆ ಆರುವುದೇ ನಿಂತಿತು. ಆರದ ಕಂದೀಲಿಗೆ ಅಂಗೈ ಮರೆ ಯಾಕೆ? ಮುಂದಿನದರಲ್ಲಿ ಅವನ ಕೈಗೆ ಕತ್ತಿ ಕೊಟ್ಟರು. ಆಟವನ್ನು ಮೊದಲು ಕಟ್ಟಿದವರೆಲ್ಲ ಬಿಟ್ಟುಹೋದರೆಂದು ಅಣ್ಣ ಹೇಳಿದ. ಅವನು ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುವ ಡಾಕ್ಟರು. ಮಾತು ಕಡಿಮೆ, ಮದುವೆ ಬೇಡವೆಂದವನು. ಆದರೆ ಇಂಟರ್‌ನೆಟ್ಟಿನಲ್ಲಿ ಈ ಆಟದ ಹಳೆಯ ಅಭಿಮಾನಿಗಳು ಸೇರುವ ಕಟ್ಟೆಯೊಂದಿದೆ; ಅಲ್ಲಿ ಅವನು ಪುಟಗಟ್ಟಲೆ ಬರೆಯುತ್ತಾನೆ. ಒಮ್ಮೆ ನನಗೂ ತೋರಿಸಿದ. ಯಾವ ಯಾವ ದೇಶದವರೋ, ಒಬ್ಬರಿಗೊಬ್ಬರು ಮುಖ ಕಂಡವರಲ್ಲ, ‘ಆ ಹೊಳೆಯ ದಂಡೆ ನೆನಪಿದೆಯಾ’, ‘ಹದಿನೇಳನೆಯ ಊರಿನ ಗಂಟೆ ನೆನಪಿದೆಯಾ’ ಎಂದು ಕೇಳಿಕೊಳ್ಳುತ್ತಿದ್ದರು. ಬೈಗುಳವೂ ಬೇಕಾದಷ್ಟಿತ್ತು. ನನಗೇನೋ ಸಾವಿನ ಮನೆಗೆ ಮಾತಾಡಿಸಲು ಬಂದ ನೆಂಟರ ಗುಂಪಿನಂತೆ ಕಂಡಿತು. ಅತ್ತವರೂ ಇದ್ದರು, ಸಿಡುಕುವವರೂ ಇದ್ದರು, ಯಾರೂ ಎದ್ದು ಹೋಗುವವರಲ್ಲ. ಅಷ್ಟು ದೂರದ ಜನರಿಗೆ ನಮ್ಮ ಕಿಟ್ಟಿ ಗೊತ್ತು ಎನ್ನುವುದೇ ನನಗೆ ಸಂತೋಷವಾಯಿತು.

ಈ ವರ್ಷ ಎಂಟನೆಯ ಭಾಗ ಬಂತು. ಹಬ್ಬಕ್ಕೆ ವಾರವಿದೆ ಎನ್ನುವಾಗ ಅಣ್ಣನ ಫೋನು.

‘ವಾಣಿ, ಈ ಸಲ ನಾನು ಬರಲ್ಲ ಕಣೇ.’

‘ಯಾಕೋ, ಡ್ಯೂಟಿ ಇದ್ಯಾ?’

‘ಡ್ಯೂಟಿ ಏನಿಲ್ಲ. ಆ ಆಟ ಸತ್ತೋಯ್ತು. ಸತ್ತಿರೋದಕ್ಕೆ ಯಾಕೆ ಕುಂಕುಮ ಹಚ್ತೀಯ?’

‘ಹಬ್ಬ ಬರ್ತಿದೆ, ಬಿಡ್ತು ಅನ್ನು.’

‘ಬಿಡ್ತು’ ಎಂದ. ಮತ್ತೆ, ‘ಆದ್ರೂ ಬರಲ್ಲ. ಐ ಆ್ಯಮ್ ಡನ್, ವಾಣಿ. ಈ ಸಲ ಡಿಸ್ಕೂ ಇಲ್ಲ, ಎಲ್ಲಾ ಡೌನ್‌ಲೋಡು. ಕುಂಕುಮ ಎಲ್ಲಿಗೆ ಹಚ್ತೀಯ, ಗಾಳಿಗಾ?’

‘ಆಟ ಇಲ್ದಿದ್ರೆ ಬೇಡ. ಊಟಕ್ಕೆ ಬಾ. ಹಯಗ್ರೀವ ಮಾಡ್ತೀನಿ.’

‘ನೋಡ್ತೀನಿ’ ಎಂದು ಫೋನಿಟ್ಟ. ಅವನು ‘ನೋಡ್ತೀನಿ’ ಎಂದರೆ ಇಲ್ಲ ಎಂದೇ ಅರ್ಥ. ನಿಮ್ಮಲ್ಲಿ ಅಣ್ಣತಮ್ಮಂದಿರಿಂದ ದೂರವಿರುವವರಿಗೆ ಅದು ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಮ್ಯಾನ್‌ಹಟನ್ನಿಗೂ ನಮ್ಮ ವೆಸ್ಟ್ ವಿಂಡ್ಸರಿಗೂ ನಡುವೆ ಒಂದೂಕಾಲು ಗಂಟೆಯ ರೈಲು. ಆದರೂ ವರ್ಷಕ್ಕೊಮ್ಮೆ, ಈ ಆಟದ ನೆಪವಿದ್ದರೆ ಮಾತ್ರ, ಅವನು ನನ್ನ ಮನೆಯ ಸೋಫಾದ ಮೇಲೆ ಕಾಲು ಮಡಚಿ ಒಂದಿಡೀ ದಿನ ಕೂರುತ್ತಿದ್ದ. ಆ ನೆಪವೂ ಹೋದರೆ ಹುಟ್ಟುಹಬ್ಬಕ್ಕೊಂದು ಮೆಸೇಜು ಕಳಿಸುವ ಅಣ್ಣ ತಂಗಿಯಾಗಿ ಉಳಿದುಬಿಡುತ್ತೇವೇನೋ ಎನಿಸಿತು. ದೇವರ ಮುಂದೆ ನಿಂತು ಬೇರೇನೂ ಕೇಳಲಿಲ್ಲ. ‘ಆಟ ಹೇಗಾದರೂ ಹಾಳಾಗಲಿ, ಅವನು ಬರಲಿ’ ಎಂದೆ.

ಈ ಸಲ ಹಬ್ಬ ಸರಿಯಾಗಿ ಶನಿವಾರ, ಭಾನುವಾರಕ್ಕೇ ಬಂದಿತ್ತು. ಈ ದೇಶದಲ್ಲಿ ಅದೂ ಒಂದು ಕೃಪೆ ಎಂದೇ ಲೆಕ್ಕ. ಶನಿವಾರ ಕಾರಿಗೆ ನಿಂಬೆಹಣ್ಣು ಇಟ್ಟು, ಮಿಕ್ಸಿಗೆ ಹೂವಿಟ್ಟು, ಕಾರ್ಟ್ರಿಜ್ಜಿಗೆ ಕುಂಕುಮ ಹಚ್ಚಿದೆ. ಹೊಸ ಆಟಕ್ಕೆ ಎಲ್ಲಿ ಹಚ್ಚುವುದು ತಿಳಿಯದೆ, ಡೌನ್‌ಲೋಡು ಗೋಡೆಯ ಆ ಡಬ್ಬಿಯಿಂದಲೇ ತಾನೆ ಬರುವುದು ಎಂದು ಇಂಟರ್‌ನೆಟ್ ಡಬ್ಬಿಗೇ ಒಂದು ಬೊಟ್ಟು ಇಟ್ಟೆ. ಹದಿಮೂರು ವರ್ಷದ ನನ್ನ ಮಗಳು ಅನಘಾ ನೋಡುತ್ತ ನಿಂತಿದ್ದಳು. ‘ಅಮ್ಮ, ಯೂ ಪುಟ್ ಕುಂಕುಮ ಆನ್ ದಿ ವೈಫೈ?’ ಎಂದು ಫೋಟೋ ತೆಗೆದು ಅವಳ ಮಾಮನಿಗೆ ಕಳಿಸಿದಳು. ಬಹಳ ಹೊತ್ತಾದ ಮೇಲೆ ಉತ್ತರ ಬಂತು: ‘ಅಕ್ಷತೆ ಹಾಕಬೇಡ ಅಂತ ಹೇಳು.’ ಮರುದಿನ ಬೆಳಗ್ಗೆ ಇನ್ನೊಂದು ಬಂತು. ಹನ್ನೊಂದರ ರೈಲಿಗೆ ಬರುತ್ತಾನಂತೆ.

ಪ್ರಿನ್ಸ್‌ಟನ್ ಜಂಕ್ಷನ್ ನಮ್ಮೂರಿನ ಸ್ಟೇಷನ್ನು; ಅಲ್ಲಿಯ ಪಾರ್ಕಿಂಗಿನಲ್ಲಿ ಕಾಯುತ್ತಿದ್ದೆ. ಕೆಂಪು ಎಲೆಗಳು ಕಾರಿನ ಗಾಜಿಗೆ ಅಂಟುತ್ತಿದ್ದವು. ಬೆನ್ನಿಗೆ ದೊಡ್ಡ ಚೀಲ ಹೊತ್ತು ಬಂದವನು ಕೂತ ತಕ್ಷಣ ‘ಹಯಗ್ರೀವಕ್ಕೆ ಬಂದಿದೀನಿ, ನೆನಪಿರಲಿ’ ಎಂದ. ಊಟವಾದ ಮೇಲೆ ನಮ್ಮ ಮನೆಯವರು ಬಿಸಿಬೇಳೆ ಭಾತಿನ ಭಾರಕ್ಕೆ ಮೇಲೆ ಹೋಗಿ ಮಲಗಿದರು. ಅನಘಾ ಬಿಡಲಿಲ್ಲ, ಹೊಸ ಆಟ ಹಾಕಿದಳು. ಬಣ್ಣವೇನೋ ಕಣ್ಣು ಕುಕ್ಕುವ ಹಾಗಿತ್ತು. ಕಿಟ್ಟಿ ಎತ್ತರವಾಗಿದ್ದ, ಗಡ್ಡ ಬಂದಿತ್ತು. ‘ಇವನ್ಯಾರೇ, ಜಿಮ್ ಮಾಸ್ಟರು?’ ಎಂದ ಅಣ್ಣ. ‘ಮಾಮ, ಯೂ ಆರ್ ಸೋ ಡ್ರಮ್ಯಾಟಿಕ್. ಇಟ್ಸ್ ಫನ್’ ಎಂದಳು ಅವಳು. ಅವಳು ಓಡಿಸುತ್ತಿದ್ದರೆ ನೋಡಲು ಚೆನ್ನಾಗಿಯೇ ಇತ್ತೆಂದು ನಾನು ಒಪ್ಪಬೇಕು. ಹತ್ತು ನಿಮಿಷವಾದ ಮೇಲೆ ಅಣ್ಣ, ‘ಏನೂ ಒತ್ತಬೇಡ ಪುಟ್ಟಿ, ಕೈ ಬಿಡು’ ಎಂದ. ಮೂವರೂ ಕಾದೆವು. ಗಡ್ಡದವನು ಕೂರಲಿಲ್ಲ, ಆಕಳಿಸಲೂ ಇಲ್ಲ. ನಿಂತಲ್ಲೇ ಕತ್ತಿ ತಿರುಗಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ತೆರೆ ಮಸುಕಾಗಿ, ‘ನೀವಿನ್ನೂ ಅಲ್ಲಿದ್ದೀರಾ?’ ಎಂಬ ಪ್ರಶ್ನೆಯೂ, ಅದರ ಕೆಳಗೆ ಅವನಿಗೆ ಹೊಸ ಅಂಗಿ ಕೊಳ್ಳುವ ಜಾಹೀರಾತೂ ಮೂಡಿದವು. ‘ಮಲಗೋಕೂ ಬಿಡಲ್ಲ’ ಎಂದ ಅಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಪುಟಗಟ್ಟಲೆ ಬರೆದದ್ದೆಲ್ಲ ಈ ಎರಡು ಮಾತಿಗೇ ಇರಬೇಕು ಎನಿಸಿತು.

ಆಮೇಲೆ ಅವನು ಎದ್ದು ಹೋಗಿ ಚೀಲ ತಂದ. ಒಳಗೆ ಟವೆಲ್ಲಿನಲ್ಲಿ ಸುತ್ತಿದ ಹಳೆಯ ಪೆಟ್ಟಿಗೆ. ಅಷ್ಟು ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಮಂಚದ ಕೆಳಗೆ ಇಷ್ಟು ವರ್ಷ ಅದಕ್ಕೆ ಜಾಗ ಕೊಟ್ಟಿದ್ದನಲ್ಲ ಎಂದು ಅದನ್ನೇ ನೋಡಿದೆ. ‘ಏನು ನೋಡ್ತಾ ನಿಂತಿದೀಯ, ಕ್ಯಾಸೆಟ್ ತಾ’ ಎಂದ. ಕ್ಯಾಸೆಟ್ ಎನ್ನುತ್ತಿದ್ದವರು ಅಜ್ಜಿ. ಹೊಸ ಟೀವಿಗೆ ಸಿಕ್ಕಿಸಲು ಬೇಕಾದ ತಂತಿಯನ್ನೂ ಹುಡುಕಿ ತಂದಿದ್ದ. ನಾನು ಕುಂಕುಮದ ಪುಡಿ ಊದಿ ಕಾರ್ಟ್ರಿಜ್ ಕೊಟ್ಟೆ. ಅವನು ಪೆಟ್ಟಿಗೆಯ ಬಾಯಿಗೆ ಫೋನಿನ ಟಾರ್ಚು ಬಿಟ್ಟು, ಒಂದು ಕಣ್ಣು ಮುಚ್ಚಿ ಇಣುಕಿದ. ‘ಏನು ಹುಡುಕ್ತಿದೀಯೋ?’ ‘ಅಕ್ಕಿಕಾಳು’ ಎಂದ. ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ಅನಘಾಗೆ ಅಕ್ಷತೆಯ ಕತೆ ಹೇಳಬೇಕಾಯಿತು. ಅಣ್ಣ ನೆಲದ ಮೇಲೆ ಹೊರಳಾಡಿದ್ದನ್ನು ನಾನು ಸ್ವಲ್ಪ ಹೆಚ್ಚೇ ಮಾಡಿ ಹೇಳಿದೆ.

ಪೆಟ್ಟಿಗೆ ಕಾದು, ಆ ವಾಸನೆ ಬಂದು, ಆಟ ತೆರೆಯಿತು. ಹಿಂದೆ ಉಳಿಸಿಟ್ಟದ್ದು ಒಂದೂ ಇರಲಿಲ್ಲ. ಒಳಗಿನ ಬ್ಯಾಟರಿ ಎಂದೋ ತೀರಿರಬೇಕು ಎಂದ ಅಣ್ಣ. ಎಲ್ಲ ಊರೂ ಕತ್ತಲೆ. ಅವನ ಮುಖ ನೋಡಿದೆ. ‘ಊರೇನೂ ಹೋಗಿಲ್ಲ ಬಿಡು’ ಎಂದು ಮೊದಲನೆಯ ದೀಪ ಹಚ್ಚಿದ. ಎರಡನೆಯದನ್ನು ಅನಘಾ ಹಚ್ಚಿದಳು. ಮೂರನೆಯದಕ್ಕೆ ಹೋಗುವಾಗ ಕಾಡಿನಲ್ಲಿ ದಾರಿ ತಪ್ಪಿ, ‘ವೇರ್ ಈಸ್ ದಿ ಆ್ಯರೋ?’ ಎಂದಳು. ಒಂದು ಕಾಗದ, ಪೆನ್ಸಿಲ್ ತಂದುಕೊಟ್ಟೆ. ಹೊಳೆಯ ದಂಡೆಗೆ ಬಂದಾಗ ಅಣ್ಣ ಅವಳ ಕೈಯಿಂದ ಗುಂಡಿಗಳ ಕಂಟ್ರೋಲರನ್ನು ಮೆಲ್ಲಗೆ ತೆಗೆದು ನೆಲದ ಮೇಲಿಟ್ಟ. ಕಿಟ್ಟಿ ಅತ್ತಿತ್ತ ನೋಡಿದ. ಕಂದೀಲು ಪಕ್ಕಕ್ಕಿಟ್ಟು ಕೂತ. ಆಕಳಿಸಿದ. ಕಾಲು ಮಡಚಿ ಮಲಗಿದ. ‘ಈಸ್ ಇಟ್ ಬ್ರೋಕನ್?’ ಎಂದು ಅನಘಾ ಬೆರಳು ಚಾಚಿದಳು. ‘ಶ್’ ಎಂದ ಅಣ್ಣ, ‘ಈಗ ತಾನೇ ಮಲಗಿದಾನೆ.’

ನಾನು ಡಬ್ಬಿಯಿಂದ ಹತ್ತಿ ತೆಗೆದುಕೊಂಡು ಬತ್ತಿ ಹೊಸೆಯುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅಣ್ಣನೂ ಕೈ ಚಾಚಿದ. ಎಕ್ಸ್‌ರೇ ನೋಡುವ ಕೈ, ಬತ್ತಿಗೆ ಬಾರದು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬಿಸಾಡಲು ಹೊರಟವನ ಕೈಯಿಂದ ಅದನ್ನು ಕಸಿದುಕೊಂಡು, ದೀಪ ಹಚ್ಚುವ ಹೊತ್ತಾದಾಗ ಅದನ್ನೇ ಹಚ್ಚಿದೆ. ಆಮೇಲೆ ಸ್ಟೇಷನ್ನಿಗೆ ಬಿಡಲು ಹೊರಟರೆ, ಅವನು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡ. ‘ಪೆಟ್ಟಿಗೆ?’ ಎಂದೆ. ‘ಭಾರ ಕಣೇ, ರೈಲಲ್ಲಿ ಯಾರು ಹೊರ್ತಾರೆ. ಇಲ್ಲೇ ಇರ್ಲಿ, ಬಂದಾಗ ಆಡ್ತೀನಿ’ ಎಂದ. ರೈಲು ಹೊರಟು ಹೋದ ಮೇಲೂ ಪಾರ್ಕಿಂಗಿನಲ್ಲಿ ಎರಡು ನಿಮಿಷ ಕೂತು ನಂಜುಂಡನಿಗೆ ಕೈ ಮುಗಿದೆ. ಮನೆಗೆ ಬಂದಾಗ ದೇವರ ಮುಂದೆ ಅಣ್ಣನ ಸೊಟ್ಟ ಬತ್ತಿ ಇನ್ನೂ ಉರಿಯುತ್ತಿತ್ತು. ಕೋಣೆಯಲ್ಲಿ ಅನಘಾ ಹೋಮ್‌ವರ್ಕಿನ ಪುಸ್ತಕ ಹರಡಿಕೊಂಡು, ಟೀವಿಯ ಎದುರಿಗೆ, ಚಾಪೆಯ ಮೇಲೆ ಕೂತಿದ್ದಳು. ಕಂಟ್ರೋಲರು ಅಣ್ಣ ಇಟ್ಟಲ್ಲೇ ಇತ್ತು. ಅವಳು ಕಿಟ್ಟಿಯನ್ನು ಎಬ್ಬಿಸಿರಲಿಲ್ಲ.